ಕೊನೆಭಾಗದ ಬ್ಯಾಟರಿ

ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಭಾಗದಲ್ಲಿ, ಅಂದರೆ ನಮ್ಮ ಮಾನ್ವಿ ಸೀಮೆಯ ಎರೆಹೊಲಗಳ ನಡುವೆ, ಪಿಕಪ್ ವಾಹನವನ್ನು ಯಾರೂ ಶೋಕಿಗಾಗಿ ಕೊಳ್ಳುವುದಿಲ್ಲ. ಒಂದು ಹದ ಮಳೆ ಬಿದ್ದರೆ ಸಾಕು, ಎರೆಮಣ್ಣು ಬೈಕಿನ ಮಡ್‌ಗಾರ್ಡಿನೊಳಗೆ ಗಿಡಿದುಕೊಂಡು ಚಕ್ರವನ್ನೇ ತಿರುಗಗೊಡುವುದಿಲ್ಲ. ಕಾರಿನ ಮಾತಂತೂ ಎತ್ತುವಂತೆಯೇ ಇಲ್ಲ. ನೀರಿನ ಸರದಿ ಬರುವುದೋ ನಡುರಾತ್ರಿಯಲ್ಲಿ. ಆದ್ದರಿಂದ ನನ್ನ ಸೋದರಮಾವ ನಾಲ್ಕೂ ಚಕ್ರಕ್ಕೆ ಎಳೆತವಿರುವ, ಎರಡು ಸಾಲು ಸೀಟಿನ, ಹಿಂದೆ ತೆರೆದ ಟ್ರಾಲಿಯ ಹಳೆಯ ಪಿಕಪ್ಪೊಂದನ್ನು ಕೊಂಡಾಗ ಮನೆಯಲ್ಲಿ ಯಾರೂ ಬೇಡವೆನ್ನಲಿಲ್ಲ. ವಾಹನದ ವಿಷಯದಲ್ಲಿ ತಕರಾರು ಇರಲಿಲ್ಲ. ತಕರಾರು ಹುಟ್ಟಿದ್ದು ಅದರೊಳಗಿನ 12 ವೋಲ್ಟಿನ ಹಂಚಿಕೆಯಲ್ಲಿ.

ಮಾವನಿಗೆ ಬೇಕಾದದ್ದು ಬಂಪರಿನ ಮೇಲೆ 55 ವಾಟಿನ ಎರಡು ಹ್ಯಾಲೊಜೆನ್ ದೀಪಗಳು. ಕತ್ತಲೆಯಲ್ಲಿ ಯಾರು ಯಾರ ತೂಬು ಎತ್ತುತ್ತಿದ್ದಾರೆಂಬುದನ್ನು ಕಾಲುವೆಯ ದಂಡೆಯ ಮೇಲಿಂದಲೇ ಕಂಡುಹಿಡಿಯುವುದು ಅವರ ಉದ್ದೇಶ. ಹಿರಿಯ ಮಗ ಸೀಟಿನ ಹಿಂಬದಿಗೆ ಆಂಪ್ಲಿಫೈಯರನ್ನೂ ವೂಫರನ್ನೂ ಕೂಡಿಸಿದನು. ಕಿರಿಯವನು ಛಾವಣಿಗೆ ಎಲ್‌ಇಡಿ ಬಾರನ್ನು, ಕಾಲಿಡುವ ಜಾಗಕ್ಕೆ ನೀಲಿ ಬೆಳಕಿನ ಪಟ್ಟಿಯನ್ನು, ಕೈಗೆಟುಕುವ ಉಳಿದ ಜಾಗಗಳಿಗೆಲ್ಲ ಮೊಬೈಲ್ ಚಾರ್ಜರುಗಳನ್ನು ಹಚ್ಚಿಸಿದನು. ಅತ್ತೆ ಡ್ಯಾಶ್‌ಬೋರ್ಡಿನ ಮೇಲೆ ಮಂತ್ರಾಲಯದ ರಾಯರ ಪಟವನ್ನಿಟ್ಟು, ಅದರ ಸುತ್ತ ಹಗಲಿರುಳೂ ಉರಿಯಬೇಕಾದ ಪುಟ್ಟ ದೀಪಮಾಲೆಯೊಂದನ್ನು ಕಟ್ಟಿಸಿದರು. ತನಗೂ ಏನಾದರೂ ಇರಲಿ ಎಂದು ಡ್ರೈವರನು, ವಾಹನ ಹಿಂದಕ್ಕೆ ಸರಿಯುವಾಗ ಭಜನೆ ನುಡಿಸುವ ಪೆಟ್ಟಿಗೆಯೊಂದನ್ನು ತನ್ನ ಸ್ವಂತ ಹಣದಿಂದಲೇ ತಂದನು.

ಇವೆಲ್ಲಕ್ಕೂ ವೈರು ಎಳೆದವನು ನಮ್ಮ ಕಡೆಯ ರಸ್ತೆಬದಿಯ ಮಿಸ್ತ್ರಿಯೊಬ್ಬ. "ಡೈರೆಕ್ಟ್ ಕೊಟ್ಟೀನಿ ಗೌಡ್ರ" ಎಂಬುದು ಅವನ ವಿದ್ಯೆಯ ಆರಂಭವೂ ಹೌದು, ಕೊನೆಯೂ ಹೌದು. ಸ್ಟೇರಿಂಗಿನ ಕೆಳಗೆ ಕೈಹಾಕಿ, ಟೆಸ್ಟ್ ಲ್ಯಾಂಪ್ ಹತ್ತಿಕೊಳ್ಳುವ ಯಾವುದಾದರೊಂದು ವೈರನ್ನು ಹುಡುಕಿ, ಹಲ್ಲಿನಿಂದ ಅದರ ಸಿಪ್ಪೆ ಸುಲಿದು, ಹೊಸ ವೈರನ್ನು ಅದಕ್ಕೆ ಹೊಸೆದು, ಮೇಲೊಂದಿಷ್ಟು ಟೇಪು ಸುತ್ತಿದರೆ ಡೈರೆಕ್ಟ್ ಆದಂತೆ. ರಾಯಚೂರು ಜಿಲ್ಲೆಯ ಬೇಸಿಗೆ 40 ಡಿಗ್ರಿ ದಾಟಿದಾಗ ಆ ಟೇಪಿನ ಅಂಟು ಕರಗಿ, ಟೇಪು ತಾನೇ ಬಿಚ್ಚಿಕೊಂಡು, ತಾಮ್ರ ಹೊರಗೆ ಇಣುಕುತ್ತದೆಂಬುದು ಅವನಿಗೆ ತಿಳಿಯದ ಸಂಗತಿಯೇನಲ್ಲ. ಬೇಸಿಗೆಯಲ್ಲಿ ಅವನ ಅಂಗಡಿಗೆ ಹೆಚ್ಚು ಗಿರಾಕಿ ಇರುತ್ತದೆ.

ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರದ ಪಾಠ ಹೇಳುವ ನನಗೆ ಈ ಮನೆಯಲ್ಲಿ ಇರುವ ಸ್ಥಾನ ಅಳಿಯನದೇ ಹೊರತು ಮೇಷ್ಟ್ರದಲ್ಲ. ಆದರೂ ಮಾವನ ದೀಪಗಳು ಮಂಕಾಗಿ ಉರಿಯತೊಡಗಿದಾಗ ಕಾರಣ ಹೇಳುವ ಅವಕಾಶ ನನಗೆ ಒದಗಿತು. ಎರಡು ದೀಪ ಸೇರಿ 110 ವಾಟ್. 12 ವೋಲ್ಟಿನಲ್ಲಿ ಅದು ಸುಮಾರು 9 ಆಂಪಿಯರ್. ಮಿಸ್ತ್ರಿ ಹಾಕಿದ್ದು 1 ಚದರ ಮಿಲಿಮೀಟರಿನ ತೆಳು ವೈರು, ಅದೂ ಬ್ಯಾಟರಿಯಿಂದ ಡ್ಯಾಶ್‌ಬೋರ್ಡಿಗೆ ಬಂದು, ಸ್ವಿಚ್ಚು ಹೊಕ್ಕು, ಮತ್ತೆ ಬಂಪರಿಗೆ ಹೋಗುವಷ್ಟರಲ್ಲಿ 6 ಮೀಟರ್ ಆಗಿತ್ತು. ಅಷ್ಟು ದಾರಿಯಲ್ಲಿ ಸುಮಾರು 1 ವೋಲ್ಟ್ ವೈರಿನಲ್ಲಿಯೇ ಕಳೆದುಹೋಗುತ್ತದೆ. ಹೊಸೆದ ಗಂಟುಗಳಲ್ಲಿ ಕಳೆಯುವುದು ಬೇರೆ. ವೋಲ್ಟೇಜಿನಲ್ಲಿ ಶೇಕಡ 10ರಷ್ಟು ಇಳಿದರೆ ಹ್ಯಾಲೊಜೆನ್ ದೀಪದ ಬೆಳಕಿನಲ್ಲಿ ಶೇಕಡ 30ರಷ್ಟು ಇಳಿಯುತ್ತದೆ. ಇದನ್ನೆಲ್ಲ ಕೇಳಿ ಮಾವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದ್ರ ನನ್ನ ದೀಪಾ ಟೇಲೆಂಡಿನ್ಯಾಗ ಅದಾವ ಅಂತೀಯೇನ ಅಳಿಯಾ?" ಎಂದರು.

ಇಷ್ಟು ವರ್ಷ ಪಾಠ ಹೇಳಿದರೂ ಓಮನ ನಿಯಮವನ್ನು ಇದಕ್ಕಿಂತ ಚೆನ್ನಾಗಿ ತಿಳಿದುಕೊಂಡ ವಿದ್ಯಾರ್ಥಿಯನ್ನು ನಾನು ಕಂಡಿಲ್ಲ. ಮುನಿರಾಬಾದಿನಲ್ಲಿ ಹೊರಟ ನೀರು 200 ಕಿಲೊಮೀಟರಿಗೂ ಹೆಚ್ಚು ಉದ್ದದ ಕಾಲುವೆಯಲ್ಲಿ ಸೋರುತ್ತ, ಇಂಗುತ್ತ, ಮೇಲ್ಭಾಗದ ಪಂಪ್‌ಸೆಟ್ಟುಗಳಿಗೆ ಪಾಲು ಕೊಡುತ್ತ ಬಂದು, ನಮ್ಮ ಹೊಲ ಮುಟ್ಟುವಷ್ಟರಲ್ಲಿ ಕಾಲುವೆಯ ತಳ ತೋಯಿಸುವಷ್ಟಾಗಿರುತ್ತದೆ. ಅಕ್ರಮ ಪಂಪ್‌ಸೆಟ್ಟುಗಳನ್ನು ಕೀಳಿಸಬೇಕೆಂದು ಮಾವ ಕೊಟ್ಟ ಮನವಿಗಳ ಪ್ರತಿಗಳೇ ಒಂದು ಟ್ರಂಕಿನಷ್ಟಿವೆ. ಅಂಥವರ ಪಿಕಪ್ಪಿನೊಳಗೆ ದೀಪದ ವೈರಿಗೆ ವೂಫರಿನವನೂ, ವೂಫರಿನ ವೈರಿಗೆ ಚಾರ್ಜರಿನವನೂ ಕನ್ನ ಕೊರೆದಿದ್ದರು. ರಿಲೇ, ಅಂದರೆ ಸಣ್ಣ ಕರೆಂಟಿನ ಸನ್ನೆಯಿಂದ ದೊಡ್ಡ ಕರೆಂಟಿನ ದಾರಿಯನ್ನು ತೆರೆದು ಮುಚ್ಚುವ ಸ್ವಿಚ್ಚು, ಹಾಕಿದರೆ ದಪ್ಪ ವೈರು ಬ್ಯಾಟರಿಯಿಂದ ನೇರ ದೀಪಕ್ಕೆ ಹೋಗುತ್ತದೆ, ಸ್ವಿಚ್ಚಿನವರೆಗೆ ಸಣ್ಣ ವೈರು ಬಂದರೆ ಸಾಕು ಎಂದು ನಾನು ಹೇಳಿದ್ದನ್ನು ಮಿಸ್ತ್ರಿಗೆ ತಿಳಿಸಲಾಗಿ, ಅವನು "ರಿಲೇ ಅಂದ್ರ ಸುಮ್ನ ಖರ್ಚು ಗೌಡ್ರ, ಬಲ್ಬು ದೊಡ್ಡವು ಹಾಕಾಣ" ಎಂದು 100 ವಾಟಿನ ಬಲ್ಬುಗಳನ್ನು ಹಾಕಿದನು.

ಆಮೇಲೆ ಫ್ಯೂಸಿನ ಅಧ್ಯಾಯ. ಚಪ್ಪಟೆ ಫ್ಯೂಸುಗಳಿಗೆ ಜಗತ್ತಿನಾದ್ಯಂತ ಬಣ್ಣದ ಲೆಕ್ಕವೊಂದಿದೆ: ಕೆಂಪು 10 ಆಂಪಿಯರ್, ನೀಲಿ 15, ಹಳದಿ 20, ಹಸಿರು 30. ನೀಲಿ ಸುಟ್ಟುಹೋದಾಗ ಮಿಸ್ತ್ರಿ ಹಳದಿ ಹಾಕಿದನು, ಹಳದಿಯೂ ಹೋದಾಗ ಹಸಿರು ಹಾಕಿದನು, ಹಸಿರಿನ ನಂತರ ಏನೆಂಬ ಪ್ರಶ್ನೆಗೆ ತಾಮ್ರದ ನಾಲ್ಕು ಎಳೆಗಳನ್ನು ಸುತ್ತಿ ಉತ್ತರ ಕೊಟ್ಟನು. ಫ್ಯೂಸು ಇರುವುದು ದೀಪವನ್ನು ಕಾಯುವುದಕ್ಕಲ್ಲ, ವೈರನ್ನು ಕಾಯುವುದಕ್ಕೆ. ವೈರಿಗಿಂತ ಮೊದಲು ತಾನು ಸಾಯುವುದೇ ಅದರ ಕರ್ತವ್ಯ. ಆ ಕರ್ತವ್ಯದಿಂದ ಅದನ್ನು ಬಿಡುಗಡೆ ಮಾಡಿದ್ದರಿಂದ ಸಿರವಾರದ ದಾರಿಯಲ್ಲಿ ಡ್ಯಾಶ್‌ಬೋರ್ಡಿನಿಂದ ಹೊಗೆ ಬಂತು. ಬಾನೆಟ್ಟು ತೆರೆದು ಬ್ಯಾಟರಿಯ ತಂತಿ ಕಿತ್ತಮೇಲೆ ಹೊಗೆ ನಿಂತಿತು, ಅಪವಾದ ಮಾತ್ರ ರಾಯರ ದೀಪಮಾಲೆಯ ಮೇಲೆ ಬಂತು. ಹಗಲಿರುಳೂ ಉರಿಯುವುದು ಅದೊಂದೇ ಎಂಬುದು ಗಂಡಸರ ತರ್ಕ. ಆ ಮಾಲೆ ಎಳೆಯುವುದು 1 ಆಂಪಿಯರಿನ ಹತ್ತನೇ ಒಂದು ಪಾಲಿಗಿಂತಲೂ ಕಡಿಮೆ ಎಂದು ನಾನು ವಾದಿಸಿದೆ. ಅತ್ತೆ ವಾದಿಸಲಿಲ್ಲ, ಮರುದಿನದಿಂದ ವಾಹನಕ್ಕೆ ಬುತ್ತಿ ಕಟ್ಟಿಕೊಡುವುದನ್ನು ನಿಲ್ಲಿಸಿದರು.

ಎಲ್ಲಕ್ಕಿಂತ ನಗೆಗೀಡು ಮಾಡಿದ್ದು ಅರ್ತಿನ ಪ್ರಕರಣ. ವಾಹನದಲ್ಲಿ ಪ್ಲಸ್ಸಿಗೆ ಮಾತ್ರ ವೈರು ಎಳೆಯುತ್ತಾರೆ. ಮೈನಸ್ಸಿಗೆ ವಾಹನದ ಕಬ್ಬಿಣದ ಮೈಯೇ ದಾರಿ. ಹಿಂದಿನ ದೀಪಗಳ ಅರ್ತ್ ವೈರನ್ನು ಟ್ರಾಲಿಯ ಕೆಳಗೆ ಬಣ್ಣ ಹಚ್ಚಿದ ಜಾಗದಲ್ಲಿಯೇ ಬೋಲ್ಟು ಹಾಕಿ ಬಿಗಿದಿದ್ದರು. ಎರೆಮಣ್ಣು ಮೆತ್ತಿ, ತುಕ್ಕು ಹಿಡಿದು, ಆ ಬೋಲ್ಟು ಹೆಸರಿಗಷ್ಟೇ ಉಳಿದಿತ್ತು. ಮರಳುವ ದಾರಿ ಮುಚ್ಚಿದರೆ ಕರೆಂಟು ಬಂದಲ್ಲಿಗೇ ಸುಮ್ಮನೆ ನಿಲ್ಲುವುದಿಲ್ಲ. ಪಕ್ಕದ ಬಲ್ಬಿನ ಎಳೆಯೊಳಗೆ ನುಗ್ಗಿ, ಅಲ್ಲಿಂದ ಇನ್ನೊಂದು ವೈರಿಗೆ ಏರಿ, ಸಿಕ್ಕ ದಾರಿಯಲ್ಲಿ ಬ್ಯಾಟರಿಗೆ ಮರಳಲು ನೋಡುತ್ತದೆ. ನಮ್ಮ ಪಿಕಪ್ಪಿನಲ್ಲಿ ಅದಕ್ಕೆ ಸಿಕ್ಕ ದಾರಿ ರಿವರ್ಸ್ ಬಲ್ಬಿನ ಮೂಲಕ ಭಜನೆಯ ಪೆಟ್ಟಿಗೆಯ ಕಡೆಗೆ ಹೋಗುತ್ತಿತ್ತು. ಪರಿಣಾಮವೇನೆಂದರೆ, ಬ್ರೇಕ್ ಒತ್ತಿದಾಗಲೆಲ್ಲ ವಾಹನ ಕ್ಷೀಣಸ್ವರದಲ್ಲಿ ಭಜನೆ ಆರಂಭಿಸುತ್ತಿತ್ತು.

ಮಾನ್ವಿ ಬಸ್ ನಿಲ್ದಾಣದ ಎದುರು ದನಗಳು ಅಡ್ಡ ಬಂದವೆಂದು ಡ್ರೈವರನು ಬ್ರೇಕ್ ಹಾಕಿದನು. ಭಜನೆ ಕೇಳಿದ ಹಿಂದಿನ ಟ್ರ್ಯಾಕ್ಟರಿನವನು, ಪಿಕಪ್ಪು ತನ್ನ ಮೇಲೆ ಬರುತ್ತಿದೆ ಎಂದು ನಂಬಿ, ಹತ್ತಿ ತುಂಬಿದ ಟ್ರೈಲರನ್ನು ಹಿಂದಕ್ಕೆ ಒತ್ತಿದನು. ಅವನ ಹಿಂದಿದ್ದ ಆಟೋದವನೂ, ಆಟೋದ ಹಿಂದೆ ಮಿರ್ಚಿಯ ತಳ್ಳುಗಾಡಿಯವನೂ ಹಿಂದೆ ಸರಿಯಬೇಕಾಯಿತು. ಮಾವ ಇಳಿದು, "ನಮ್ಮ ಗಾಡಿ ಹಿಂದ ಬರಾಕತ್ತಿಲ್ಲ, ನಿಂತೈತಿ" ಎಂದು ಕೂಗುತ್ತಿದ್ದರೂ ಡ್ರೈವರನ ಕಾಲು ಬ್ರೇಕಿನ ಮೇಲೆಯೇ ಇದ್ದುದರಿಂದ ಭಜನೆ ನಿಲ್ಲಲಿಲ್ಲ. ಮಾವನ ಮಾತನ್ನು ಯಾರೂ ನಂಬಲಿಲ್ಲ. ಮಿಸ್ತ್ರಿ ಮಧ್ಯಾಹ್ನವೆಲ್ಲ ಪ್ಲಸ್ ವೈರುಗಳನ್ನೇ ಹಿಡಿದೆಳೆದು ಪರೀಕ್ಷಿಸಿದನು. ಅರ್ತಿನ ಬೋಲ್ಟಿನ ಕಡೆಗೆ ಅವನು ತಿರುಗಿಯೂ ನೋಡಲಿಲ್ಲ. ಕೊನೆಗೆ ಪೆಟ್ಟಿಗೆಯ ವೈರನ್ನೇ ಕತ್ತರಿಸಿದನು. ಡ್ರೈವರನು ಆ ಸಂಜೆ ಚಹಾ ಕುಡಿಯಲಿಲ್ಲ.

ಇಷ್ಟಾದರೂ ವಾಹನಕ್ಕೆ ಸರಿಯಾದ ಚಿಕಿತ್ಸೆ ದೊರಕಿದ್ದು ರಸ್ತೆತಡೆಯ ನಂತರವೇ. ಕಾಲುವೆಗೆ ನೀರು ಬಿಡಬೇಕೆಂದು ಕೊನೆಭಾಗದ ರೈತರು ನಡೆಸಿದ ಹೋರಾಟಕ್ಕೆ ಮಾವ ತಮ್ಮ ಪಿಕಪ್ಪನ್ನೇ ವೇದಿಕೆಯಾಗಿ ಕೊಟ್ಟು, ಮಗನ ಆಂಪ್ಲಿಫೈಯರಿಗೆ ಮೈಕನ್ನು ಸಿಕ್ಕಿಸಿ, ರಸ್ತೆಗೆ ಅಡ್ಡಲಾಗಿ ನಿಲ್ಲಿಸಿದರು. ಇಂಜಿನ್ ಬಂದ್. ಭಾಷಣಗಳು ಬಹಳ. ಮೇಲ್ಭಾಗದವರು ಅಕ್ರಮವಾಗಿ ನೀರೆತ್ತುವುದರಿಂದ ಕೆಳಗಿನವರು ಹೇಗೆ ಒಣಗುತ್ತಾರೆಂಬುದನ್ನು ಮಾವ ವರ್ಣಿಸುತ್ತಿರುವಾಗಲೇ ಮೈಕಿನ ದನಿ ಇಳಿಯುತ್ತ ಬಂದು ಅಳಿಸಿಹೋಯಿತು. ಅಧಿಕಾರಿಗಳು ಬಂದರು, ಭರವಸೆ ಕೊಟ್ಟರು, ರಸ್ತೆತಡೆ ಹಿಂಪಡೆದಿದ್ದೇವೆಂದು ಬಾಯಿಂದಲೇ ಘೋಷಿಸಲಾಯಿತು. ಆದರೆ ಸೆಲ್ಫ್ ತಿರುಗಲಿಲ್ಲ. ಹೋರಾಟ ಮುಗಿದ ಮೇಲೂ ರಸ್ತೆ ತಡೆದೇ ಇತ್ತು. ಬೇಡಿಕೆ ಈಡೇರಿದರೂ ಹಟ ಬಿಡದ ಹೋರಾಟವೆಂದು ಸಿಟ್ಟಾದ ಪೊಲೀಸರಿಗೆ ನಿಜಸಂಗತಿ ತಿಳಿದಾಗ, ಬಂದೋಬಸ್ತಿಗೆ ಬಂದಿದ್ದ ಅವರೇ ಹೆಗಲು ಕೊಟ್ಟು ವಾಹನವನ್ನು ದೂಡಿದರು.

ಮರುವಾರ ರಾಯಚೂರಿನ ವೃದ್ಧ ಆಟೋ ಎಲೆಕ್ಟ್ರಿಷಿಯನ್ ಒಬ್ಬರ ಬಳಿಗೆ ಮಾವನನ್ನೂ ವಾಹನವನ್ನೂ ಕರೆದೊಯ್ದೆ. ಅವರು ಡ್ಯಾಶ್‌ಬೋರ್ಡು ಬಿಚ್ಚಿ, ಒಳಗಿನ ಗಂಟುಗಳನ್ನು ನೋಡಿ, ಏನೂ ಅನ್ನದೆ ಎಲೆಯಡಿಕೆ ಹಾಕಿಕೊಂಡರು. ಗಂಟುಗಳ ನಡುವೆ ಭತ್ತದ ಹೊಟ್ಟಿನ ಸಣ್ಣ ಗೂಡೊಂದಿತ್ತು; ಇಲಿಗಳು ಕಡಿಯದೆ ಬಿಟ್ಟ ವೈರು ರಾಯರ ಮಾಲೆಯದು ಮಾತ್ರ. ಅತ್ತೆಗೆ ಈ ಸುದ್ದಿಯನ್ನು ನಾನೇ ಫೋನಿನಲ್ಲಿ ಮುಟ್ಟಿಸಿದೆ, ಬುತ್ತಿ ಮರಳಿ ಆರಂಭವಾಯಿತು. ಎಲ್ಲ ಸ್ವಿಚ್ಚುಗಳನ್ನು ಆರಿಸಿ ಮೈನಸ್ ತಂತಿಯ ನಡುವೆ ಮೀಟರ್ ಇಟ್ಟು ನೋಡಿದಾಗ, ಆಂಪ್ಲಿಫೈಯರ್ ಮಲಗಿದ್ದಾಗಲೂ ಅರ್ಧ ಆಂಪಿಯರ್ ಕುಡಿಯುತ್ತಿದ್ದುದು ಪತ್ತೆಯಾಯಿತು. ದಿನಕ್ಕೆ 12 ಆಂಪಿಯರ್-ಗಂಟೆ.

ಅವರು ಮೊದಲು ಮುಟ್ಟಿದ್ದು ಅರ್ತನ್ನು. ಬಣ್ಣ ಕೆರೆದು, ಕಬ್ಬಿಣ ಹೊಳೆಯುವವರೆಗೆ ಉಜ್ಜಿ, ವೈರಿನ ತುದಿಗೆ ಲಗ್ ಎಂಬ ಲೋಹದ ಬಳೆಯನ್ನು ಒತ್ತಿ, ಗ್ರೀಸು ಹಚ್ಚಿ ಬಿಗಿದರು. ಬ್ಯಾಟರಿಯಿಂದ ಗೇಣು ದೂರದಲ್ಲಿ ದೊಡ್ಡ ಫ್ಯೂಸು, ಅಲ್ಲಿಂದ ದಪ್ಪ ವೈರು, ಆಮೇಲೆ ಒಬ್ಬೊಬ್ಬರ ಸಾಮಾನಿಗೂ ಬೇರೆ ಬೇರೆ ಫ್ಯೂಸಿರುವ ಪೆಟ್ಟಿಗೆ. ದೀಪಗಳಿಗೆ ರಿಲೇ ಬಂತು: 30ನೇ ಪಿನ್ನಿಗೆ ಬ್ಯಾಟರಿ, 87ಕ್ಕೆ ದೀಪ, 85 ಮತ್ತು 86ಕ್ಕೆ ಸ್ವಿಚ್ಚಿನ ಸಣ್ಣ ವೈರುಗಳು. 100 ವಾಟಿನ ಬಲ್ಬು ತೆಗೆದು ಮತ್ತೆ 55 ವಾಟಿನವನ್ನು ಹಾಕಿದರೂ ಬೆಳಕು ಹೆಚ್ಚಾದುದನ್ನು ಕಂಡು ಮಾವನಿಗೆ ಧೈರ್ಯ ಬಂದು, ಬಹುದಿನದ ಆಸೆಯೊಂದನ್ನು ಹೊರಗೆಡವಿದರು: ಇನ್ವರ್ಟರ್ ಹಾಕಿ ಪಿಕಪ್ಪಿನಿಂದಲೇ 1 ಎಚ್‌ಪಿ ಮೋಟಾರ್ ನಡೆಸಬಹುದೇ? ವೃದ್ಧರು ಲೆಕ್ಕ ಹೇಳಿದರು. 1 ಎಚ್‌ಪಿ ಎಂದರೆ 746 ವಾಟ್. ಇನ್ವರ್ಟರಿನ ನಷ್ಟ ಸೇರಿಸಿದರೆ ಬ್ಯಾಟರಿಯಿಂದ 70 ಆಂಪಿಯರಿಗೂ ಮೇಲೆ, ಮೋಟಾರ್ ಚಾಲೂ ಆಗುವ ಗಳಿಗೆಯಲ್ಲಿ ಅದರ ಹಲವು ಪಟ್ಟು. ನಾನು ಬೇರೊಂದು ಪ್ರಶ್ನೆ ಕೇಳಿದೆ: "ನೀರು ಎಲ್ಲಿಂದ ಎತ್ತೂದು ಮಾವ?" ಮಾವ ರಿಲೇಯನ್ನು ಬಹಳ ಆಸಕ್ತಿಯಿಂದ ನೋಡುತ್ತ, "ಬಸಿಹಳ್ಳದಿಂದ" ಎಂದರು.

ಸೆಲ್ಫಿಗೆ ಒಂದು, ಉಳಿದ ಶೋಕಿಗಳಿಗೆ ಇನ್ನೊಂದು ಎಂದು ಎರಡು ಬ್ಯಾಟರಿ ಇಡುವುದೆಂದು ತೀರ್ಮಾನವಾಯಿತು. ಎರಡರ ನಡುವೆ ಐಸೊಲೇಟರ್ ಎಂಬ ರಿಲೇ: ಮೊದಲನೆಯದು ಚಾರ್ಜಾಗುತ್ತ ಸುಮಾರು 13.3 ವೋಲ್ಟಿಗೆ ಏರಿದ ಮೇಲೆ ಎರಡನೆಯದಕ್ಕೆ ದಾರಿ ಬಿಡುತ್ತದೆ, 12.8ರ ಹತ್ತಿರಕ್ಕೆ ಇಳಿದೊಡನೆ ಮುಚ್ಚುತ್ತದೆ. ಇಲ್ಲಿ ಮಾವ ಎದ್ದು ನಿಂತರು. "ಮ್ಯಾಲಿನವಂದು ತುಂಬಿದ ಮ್ಯಾಲ ಕೆಳಗಿನವನಿಗೆ ಬಿಡೂದು? ಹಿಂಗ ಹೇಳೇ ನಮ್ಮ ಹೊಲಾ ಒಣಗಿಸ್ಯಾರ. ಇದು ಆಗಂಗಿಲ್ಲ."

"ಮ್ಯಾಲಿಂದು ಒಣಗಿದ್ರ ಗಾಡಿನ ಚಾಲೂ ಆಗಂಗಿಲ್ಲಲ್ರೀ ಗೌಡ್ರ" ಎಂದು ವೃದ್ಧರು ಎಷ್ಟು ಹೇಳಿದರೂ ಮಾವ ಒಪ್ಪಲಿಲ್ಲ. ಕಡೆಗೆ ಎರಡೂ ಬ್ಯಾಟರಿಗೆ ಒಂದೊಂದು ವೋಲ್ಟ್ ಮೀಟರ್ ಹಾಕಿ, ಗೇಜ್ ಕಣ್ಣೆದುರೇ ಇರಬೇಕೆಂಬ ಷರತ್ತಿನ ಮೇಲೆ ರಾಜಿಯಾಯಿತು. ಕಾಲುವೆಯ ಗೇಜ್, ಅಂದರೆ ನೀರಿನ ಮಟ್ಟ, ಬರೆದಿಡುವ ಪುಸ್ತಕದಲ್ಲಿಯೇ ಈಗ ಮಾವ ಬ್ಯಾಟರಿಗಳದನ್ನೂ ಸಂಜೆ ಮುಂಜಾನೆ ಬರೆಯುತ್ತಾರೆ. ಕೆಳಗಿನ ಬ್ಯಾಟರಿ ರಾತ್ರಿಯಲ್ಲಿ ವಿನಾಕಾರಣ ಇಳಿಯುತ್ತಿರುವುದು ಆ ಪುಸ್ತಕದಿಂದಲೇ ಬಯಲಾಯಿತು. ಟಾರ್ಚ್ ಹಿಡಿದು ಸೀಟಿನ ಕೆಳಗೆ ಬಗ್ಗಿ ನೋಡಿದರೆ, ಕಿರಿಯ ಮಗ ಫ್ಯೂಸ್ ಪೆಟ್ಟಿಗೆಯನ್ನು ತಪ್ಪಿಸಿ ಹೋಗುವ ಹೊಸ ವೈರೊಂದನ್ನು ಬ್ಯಾಟರಿಗೆ ಡೈರೆಕ್ಟ್ ಕೊಟ್ಟುಕೊಂಡಿದ್ದನು.

"ಬರೇ ಮೊಬೈಲಿಗಷ್ಟ ಅಪ್ಪಾ" ಎಂದನು ಅವನು.

"ಮ್ಯಾಲಿನವ್ರೂ ಹಂಗ ಅಂತಾರ, ಬರೇ ಒಂದ ಎಕರೆಗಷ್ಟ ಅಂತ" ಎಂದು ಮಾವ ಇಕ್ಕಳ ತರಿಸಿದರು.