ವಾಟ್ಸನ್‌ಗೆ ಗುಂಡು ಬಿದ್ದದ್ದು ಎಲ್ಲಿಗೆ?

ಡಾಕ್ಟರ್ ವಾಟ್ಸನ್‌ಗೆ ಗುಂಡೇಟು ಬಿದ್ದು 140 ವರ್ಷ ದಾಟಿತು. ಗಾಯ ಇನ್ನೂ ಮಾಗಿಲ್ಲ. ವಾಟ್ಸನ್‌ದಲ್ಲ, ಅಭಿಮಾನಿಗಳದ್ದು.

ಕಾನನ್ ಡಾಯ್ಲ್ ಸೃಷ್ಟಿಸಿದ ಪತ್ತೇದಾರ ಷರ್ಲಾಕ್ ಹೋಮ್ಸ್‌ನ ಮೊದಲ ಕಾದಂಬರಿ ಬಂದದ್ದು 1887ರಲ್ಲಿ. ಅದರಲ್ಲಿ ಹೋಮ್ಸ್‌ನ ಗೆಳೆಯ, ಕಥೆ ಹೇಳುವ ವಾಟ್ಸನ್, 1880ರಲ್ಲಿ ಅಫ್ಘಾನಿಸ್ತಾನದ ಮೈವಾಂದ್ ಯುದ್ಧದಲ್ಲಿ ತನ್ನ ಭುಜಕ್ಕೆ ಗುಂಡು ತಗುಲಿ ಮೂಳೆ ಪುಡಿಯಾಯಿತು ಎನ್ನುತ್ತಾನೆ. ಸರಿ, ಪಾಪ. 1890ರ ಎರಡನೇ ಕಾದಂಬರಿಯಲ್ಲಿ ನೋಡಿದರೆ ಅದೇ ಮನುಷ್ಯ ಕಾಲು ನೋವು ಅಂತ ಕೂತಿದ್ದಾನೆ. ಗುಂಡು ಭುಜದಿಂದ ಇಳಿದು ಕಾಲಿಗೆ ಬಂದಿದೆ. ಮುಂದೊಂದು ಕಥೆಯಲ್ಲಿ 'ನನ್ನ ಕೈಕಾಲುಗಳಲ್ಲಿ ಒಂದರಲ್ಲಿ' ಗುಂಡಿದೆ ಎಂದು ನಯವಾಗಿ ಜಾರಿಕೊಳ್ಳುತ್ತಾನೆ. ಡಾಕ್ಟರ್ ಸ್ವಾಮಿ ಈತ. ಕೈಯೋ ಕಾಲೋ ಅನ್ನುವುದಾದರೂ ಗೊತ್ತಿರಬೇಕಲ್ವಾ?

ಇದನ್ನು ನನ್ನ ಗೆಳೆಯನೊಬ್ಬನ ಮುಂದೆ ಎತ್ತಿದೆ. ಹೋಮ್ಸ್ ಕಥೆಗಳೆಂದರೆ ಅವನಿಗೆ ಪ್ರಾಣ. "ಕಾನನ್ ಡಾಯ್ಲ್‌ಗೆ ಮರೆತುಹೋಗಿರಬೇಕು, ಅಷ್ಟೇ" ಅಂದೆ. ಅವನು ಓದುತ್ತಿದ್ದ ಪುಸ್ತಕವನ್ನು ನಿಧಾನಕ್ಕೆ ಮಡಚಿದ. ಕನ್ನಡಕ ತೆಗೆದ. ಅಂಗಿಯ ತುದಿಯಿಂದ ಒರೆಸಿದ. ಮತ್ತೆ ಹಾಕಿಕೊಂಡ.

"ಯಾರಿಗೆ ಮರೆತುಹೋಯಿತು?"

"ಬರೆದವನಿಗೆ."

"ಬರೆದವನು ವಾಟ್ಸನ್," ಅಂದ. ಆಮೇಲೆ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಅವನ ತಪ್ಪಿಲ್ಲ. ಇದು ಹಳೆಯ ಪಂಥ. ಇದರಲ್ಲಿ ಹೋಮ್ಸ್ ಮತ್ತು ವಾಟ್ಸನ್ ನಿಜವಾಗಿ ಬದುಕಿದ್ದವರು. ಕಥೆಗಳೆಲ್ಲ ವಾಟ್ಸನ್‌ನ ಟಿಪ್ಪಣಿಗಳು. ಕಾನನ್ ಡಾಯ್ಲ್ ಅನ್ನುವವರು ಸುಮ್ನೆ ಹಸ್ತಪ್ರತಿ ಸಾಗಿಸಿಕೊಟ್ಟ ಏಜೆಂಟ್. ಏಜೆಂಟನಿಗೆ ಮರೆವು ಬಂದರೆ ಗಾಯಕ್ಕೇನು ಸಂಬಂಧ? ಹಾಗಾಗಿ ಗುಂಡಿಗೆ ವಿವರಣೆ ಬೇಕೇ ಬೇಕು. ಗುಂಡು ಎರಡು ಬಿದ್ದಿದ್ದವು ಎಂದರು ಕೆಲವರು. ಇಲ್ಲ, ಒಂದೇ ಗುಂಡು, ವಾಟ್ಸನ್ ಬಗ್ಗಿ ನಿಂತಿದ್ದರಿಂದ ಭುಜವನ್ನೂ ಕಾಲನ್ನೂ ಒಟ್ಟಿಗೆ ಹೊಕ್ಕಿತು ಎಂದರು ಇನ್ನು ಕೆಲವರು. ಏಟು ಬಿದ್ದದ್ದು ಸಭ್ಯರು ಹೆಸರು ಹೇಳಲಾಗದ ಜಾಗಕ್ಕೆ, ಅದಕ್ಕೇ ಭುಜ, ಕಾಲು ಅಂತ ತೇಲಿಸುತ್ತಿದ್ದಾನೆ ಎಂಬ ವಾದವೂ ಇದೆ. ನನಗೆ ಇಷ್ಟವಾದದ್ದು ಇದೇ. ಗುಂಡು ಭುಜಕ್ಕೆ ಬಿತ್ತೋ ಕಾಲಿಗೆ ಬಿತ್ತೋ ಗೊತ್ತಿಲ್ಲ, ತಲೆಗೇರಿದ್ದು ಮಾತ್ರ ಓದುಗರಿಗೆ.

ತಮಾಷೆಯೆಂದರೆ ಇದೆಲ್ಲ ಶುರುವಾದದ್ದೇ ತಮಾಷೆಗೆ. ರೊನಾಲ್ಡ್ ನಾಕ್ಸ್ ಎಂಬವರು 1911ರಲ್ಲಿ ಒಂದು ಪ್ರಬಂಧ ಓದಿದರು. ಪಂಡಿತರು ಬೈಬಲ್ಲನ್ನು ಸಾಲು ಸಾಲಾಗಿ ಬಗೆಯುವ ರೀತಿಯನ್ನು ಅಣಕಿಸಲು ಹೋಮ್ಸ್ ಕಥೆಗಳನ್ನು ಅದೇ ಗಂಭೀರ ಮುಖದಲ್ಲಿ ಬಗೆದರು. ಅದನ್ನು ಓದಿದ ಕಾನನ್ ಡಾಯ್ಲ್, ನಾಕ್ಸ್ ಅವರಿಗೆ ಕಾಗದ ಬರೆದರು. ಇಂಥ ಸರಕಿನ ಮೇಲೆ ಯಾರಾದರೂ ಇಷ್ಟು ಶ್ರಮ ಹಾಕುತ್ತಾರಾ ಎಂದು ಬೆರಗಾಗಿ, ಈ ವಿಷಯದಲ್ಲಿ ನನಗಿಂತ ನಿಮಗೇ ಜಾಸ್ತಿ ಗೊತ್ತು ಎಂದು ಕೈಮುಗಿದರು. ಡಾಯ್ಲ್ ಯಾವತ್ತೂ ತಪ್ಪು ಮುಚ್ಚಿಟ್ಟವರಲ್ಲ. ಕುದುರೆ ರೇಸಿನ ಗಂಧಗಾಳಿಯಿಲ್ಲದೆ ರೇಸಿನ ಕಥೆ ಬರೆದರು. ಬಲ್ಲವನೊಬ್ಬ ಪತ್ರಿಕೆಯಲ್ಲಿ ಜಾಡಿಸಿದ. ಆ ಕಥೆಯಂತೆ ನಡೆದಿದ್ದರೆ ಪಾತ್ರಗಳಲ್ಲಿ ಅರ್ಧ ಜನ ಜೈಲಿನಲ್ಲಿರುತ್ತಿದ್ದರು, ಉಳಿದರ್ಧ ಜನಕ್ಕೆ ರೇಸ್ ಮೈದಾನದ ಬಾಗಿಲು ಮುಚ್ಚುತ್ತಿತ್ತು ಎಂದು ತಮ್ಮ ಆತ್ಮಕಥೆಯಲ್ಲಿ ಅವರೇ ನಗುತ್ತ ಬರೆದುಕೊಂಡರು.

ಸ್ವತಃ ದೇವರೇ 'ನನಗೆ ಗೊತ್ತಿಲ್ಲಪ್ಪ' ಅಂದರೆ ಪೂಜಾರಿ ಸುಮ್ಮನಿರುತ್ತಾನಾ? ಪತ್ತೇದಾರಿ ಕಾದಂಬರಿಗಾರ್ತಿ ಡೊರೊಥಿ ಸೇಯರ್ಸ್ ಈ ಆಟಕ್ಕೆ ನಿಯಮವನ್ನೇ ಹೇಳಿದರು. ಲಾರ್ಡ್ಸ್ ಮೈದಾನದ ಕ್ರಿಕೆಟ್ಟಿನಷ್ಟೇ ಗಾಂಭೀರ್ಯ ಇರಬೇಕು, ಸ್ವಲ್ಪ ಅತಿಯಾದರೂ ಆಟ ಕೆಟ್ಟಿತು. ಒಂದು ಕಥೆಯಲ್ಲಿ ಹೆಂಡತಿಯೇ ಜಾನ್ ವಾಟ್ಸನ್‌ನನ್ನು 'ಜೇಮ್ಸ್' ಅಂತ ಕರೆಯುತ್ತಾಳೆ. ಸೇಯರ್ಸ್ ಅದನ್ನೂ ಬಿಡಿಸಿದರು. ಜಾನ್ ಎಚ್. ವಾಟ್ಸನ್‌ನ 'ಎಚ್' ಎಂದರೆ ಹೇಮಿಷ್, ಹೇಮಿಷ್ ಎಂದರೆ ಸ್ಕಾಟ್ಲೆಂಡಿನ ಜೇಮ್ಸ್, ಅಂದಮೇಲೆ ಹೆಂಡತಿ ಸರಿ, ಗಂಡ ಸರಿ, ಲೋಕವೆಲ್ಲ ಸರಿ. 1941ರಲ್ಲಿ ಇನ್ನೊಬ್ಬ ಪತ್ತೇದಾರಿ ಲೇಖಕ ರೆಕ್ಸ್ ಸ್ಟೌಟ್ ಇನ್ನೂ ಮುಂದೆ ಹೋದರು. ವಾಟ್ಸನ್ ಗಂಡಸೇ ಅಲ್ಲ, ಹೆಂಗಸು ಎಂದರು. ಸಾಕ್ಷಿ? ಕಥೆಗಳ ಹೆಸರುಗಳನ್ನು ಬೇಕಾದಂತೆ ಜೋಡಿಸಿದರೆ ಮೊದಲ ಅಕ್ಷರಗಳಲ್ಲಿ 'ಐರೀನ್ ವಾಟ್ಸನ್' ಎಂದು ಬರುತ್ತದೆ! ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುತ್ತಾರಲ್ಲ, ಇಲ್ಲಿ ಮೊಲವೇ ಇಲ್ಲ, ಕಾಲಿನ ಎಣಿಕೆ ಮಾತ್ರ ಪಕ್ಕಾ.

ಇವರೆಲ್ಲ ಒಳಗೊಳಗೇ ನಗುತ್ತಿದ್ದರು. ಅದನ್ನು ಒಪ್ಪಲೇಬೇಕು. ಈಗಿನವರಿಗೆ ಗಂಭೀರ ಮುಖ ಬಳುವಳಿಯಾಗಿ ಬಂದಿದೆ, ನಗು ದಾರಿಯಲ್ಲೆಲ್ಲೋ ಬಿದ್ದುಹೋಗಿದೆ. ಊರು ಸುಟ್ಟ ಖಳನಾಯಕನೊಬ್ಬ ಕಥೆಯಲ್ಲಿ ಬಂದರೆ ಸಾಕು, 'ಪಾಪ, ಅವನನ್ನು ಯಾರೂ ಅರ್ಥ ಮಾಡಿಕೊಳ್ಳಲಿಲ್ಲ' ಎಂದು ಅಳುವವರಿದ್ದಾರೆ. ಸುಟ್ಟ ಊರಿನವರನ್ನು ಅರ್ಥ ಮಾಡಿಕೊಳ್ಳಲು ಪುರುಸೊತ್ತಿಲ್ಲ, ಅವರಿಗೆ ಕಥೆಯಲ್ಲಿ ಹೆಸರೇ ಇಲ್ಲವಲ್ಲ. ಇಬ್ಬರು ಪಾತ್ರಗಳು ಒಮ್ಮೆ ಕಣ್ಣಿಗೆ ಕಣ್ಣು ಕೊಟ್ಟು ನೋಡಿದರೆ ಮದುವೆ ಮಾಡಿಸಿಯೇ ಬಿಡುತ್ತಾರೆ. ಒಪ್ಪದವನು ಅಭಿಮಾನಿಯೇ ಅಲ್ಲ.

ವಿದ್ವಾಂಸರು ಇದಕ್ಕಿಂತ ಮೇಲು ಅಂದುಕೊಳ್ಳಬೇಡಿ. ಷೇಕ್ಸ್‌ಪಿಯರ್ ನಾಟಕದಲ್ಲಿ ಲೇಡಿ ಮ್ಯಾಕ್‌ಬೆತ್ ಒಂದು ಕಡೆ, ತಾನು ಮಗುವಿಗೆ ಹಾಲೂಡಿಸಿದವಳು ಎನ್ನುತ್ತಾಳೆ. ಇನ್ನೊಂದು ಕಡೆ ಮ್ಯಾಕ್‌ಡಫ್ ಅವಳ ಗಂಡನ ಬಗ್ಗೆ 'ಅವನಿಗೆ ಮಕ್ಕಳಿಲ್ಲ' ಎನ್ನುತ್ತಾನೆ. ಹಾಗಾದರೆ ಆ ಮಗು ಎಲ್ಲಿ ಹೋಯಿತು? ಅಪ್ಪ ಬೇರೆಯವನೇ? 1933ರಲ್ಲಿ ವಿಮರ್ಶಕ ಎಲ್. ಸಿ. ನೈಟ್ಸ್ 'ಲೇಡಿ ಮ್ಯಾಕ್‌ಬೆತ್‌ಗೆ ಎಷ್ಟು ಮಕ್ಕಳು?' ಎಂಬ ತಲೆಬರಹ ಕೊಟ್ಟೇ ಈ ಹುಚ್ಚನ್ನು ಗೇಲಿ ಮಾಡಿದರು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರನ್ನು ಕಂಡಿದ್ದೇವೆ. ಇವರು ಆ ಕೂಸನ್ನು ಶಾಲೆಗೂ ಸೇರಿಸಿದ್ದರು.

ಇದನ್ನೆಲ್ಲ ಚೆನ್ನಾಗಿ ನಿಭಾಯಿಸಿದವರು ಸ್ಪೇನಿನ ಕಾದಂಬರಿಕಾರ ಸರ್ವಾಂಟಿಸ್ ಒಬ್ಬರೇ. 1605ರ 'ಡಾನ್ ಕಿಹೋಟೆ'ಯಲ್ಲಿ ನಾಯಕನ ಸೇವಕ ಸ್ಯಾಂಚೊನ ಕತ್ತೆ ಕಾಣೆಯಾಗುತ್ತದೆ. ನಾಲ್ಕು ಪುಟ ತಿರುವುವಷ್ಟರಲ್ಲಿ ಸ್ಯಾಂಚೊ ಅದೇ ಕತ್ತೆಯ ಮೇಲೆ ಕೂತಿರುತ್ತಾನೆ. ಓದುಗರು ಹಿಡಿದರು. 1615ರ ಎರಡನೇ ಭಾಗದಲ್ಲಿ ಒಂದು ಪಾತ್ರ ಸ್ಯಾಂಚೊನನ್ನೇ ಈ ಬಗ್ಗೆ ಕೇಳುತ್ತದೆ. ಸ್ಯಾಂಚೊ ಹೇಳುತ್ತಾನೆ: ಬರೆದವನು ತಪ್ಪಿರಬೇಕು, ಇಲ್ಲದಿದ್ದರೆ ಅಚ್ಚಿನವನ ಎಡವಟ್ಟು.

ಇದನ್ನು ಗೆಳೆಯನಿಗೆ ಓದಿ ಹೇಳಿ ಅವನ ಹುಚ್ಚು ಬಿಡಿಸೋಣ ಅಂತ ಪುಸ್ತಕ ಹಿಡಿದು ಕೂತೆ. ಅಚ್ಚಿನವನು ಎಂಬಲ್ಲಿ ನನ್ನ ಕಣ್ಣು ನಿಂತುಬಿಟ್ಟಿತು. ವಾಟ್ಸನ್ ಯಾರು? ಡಾಕ್ಟರ್. ಡಾಕ್ಟರ್ ಅಕ್ಷರವನ್ನು ಯಾರಿಗಾದರೂ ಓದಲಿಕ್ಕೆ ಆಗುತ್ತದಾ? ಅವನು ಒಂದು ಬರೆದ, ಅಚ್ಚಿನವನು ಒಮ್ಮೆ ಭುಜ ಎಂದು ಓದಿದ, ಮತ್ತೊಮ್ಮೆ ಕಾಲು ಎಂದು ಓದಿದ. ಜಾನ್, ಜೇಮ್ಸ್ ಎರಡೂ 'ಜೆ' ಅಕ್ಷರದಿಂದಲೇ ಶುರು, ಆಮೇಲೆ ಬರೀ ಗೀಟು. ಹೇಮಿಷ್ ಬೇಕಿಲ್ಲ, ಎರಡು ಗುಂಡು ಬೇಕಿಲ್ಲ, ಎಲ್ಲ ಕೂತುಕೊಳ್ಳುತ್ತದೆ.

ರಾತ್ರಿ ಒಂದು ಗಂಟೆಗೆ ಗೆಳೆಯನಿಗೆ ಫೋನ್ ಮಾಡಿದೆ. "ಮಲಗಿದೀಯಾ? ಏಳು. ನನ್ನ ಹತ್ತಿರ ಮೂರು ಆಧಾರ ಇವೆ."