ರಸೆಲ್ ಮತ್ತು ಮೈನಿ: ಕೂದಲೆಳೆಯ ಅಂತರ ಹಿಗ್ಗಿದ ಬಗೆ

ಇಂಗ್ಲೆಂಡಿನಲ್ಲಿ ಯುವ ಚಾಲಕರ ಕಾರ್ ರೇಸ್ ಸರಣಿಯಾದ ಬಿಆರ್‌ಡಿಸಿ (ಬ್ರಿಟಿಷ್ ರೇಸಿಂಗ್ ಡ್ರೈವರ್ಸ್ ಕ್ಲಬ್) ಫಾರ್ಮುಲಾ ಫೋರ್‌ನ 2014ರ ಪ್ರಶಸ್ತಿ ಯಾರಿಗೆಂಬುದು ಕೊನೆಯ ಸುತ್ತಿನವರೆಗೂ ತೀರ್ಮಾನವಾಗಿರಲಿಲ್ಲ. ಕೆಲವೇ ಅಂಕಗಳಿಂದ ಗೆದ್ದವರು ಜಾರ್ಜ್ ರಸೆಲ್. ಎರಡನೆಯವರಾದವರು ಬೆಂಗಳೂರಿನ ಅರ್ಜುನ್ ಮೈನಿ. ರಸೆಲ್ 2019ರಲ್ಲಿ ಫಾರ್ಮುಲಾ ಒನ್ ಪ್ರವೇಶಿಸಿ, 2022ರಲ್ಲಿ ಮರ್ಸಿಡಿಸ್ ತಂಡ ಸೇರಿ, ಅದೇ ವರ್ಷ ಬ್ರೆಜಿಲ್‌ನಲ್ಲಿ ಮೊದಲ ಗೆಲುವು ಕಂಡರು. ಮೈನಿ ಫಾರ್ಮುಲಾ ಒನ್‌ಗೆ ಕೆಳಗಿನ ಮೆಟ್ಟಿಲುಗಳಾದ ಜಿಪಿ ತ್ರೀ, ಫಾರ್ಮುಲಾ ಟು ಮುಗಿಸಿ, ಛಾವಣಿಯುಳ್ಳ ಕಾರುಗಳು ಓಡುವ ಜರ್ಮನಿಯ ಡಿಟಿಎಂ ಸರಣಿಯತ್ತ ಹೊರಳಿದರು. ಆ ಸಣ್ಣ ಅಂತರ ಇಷ್ಟು ಹಿಗ್ಗಿದ್ದೇಕೆ ಎಂದು ಕೇಳಿದರೆ ನಮ್ಮವರು ಥಟ್ಟನೆ ಕೊಡುವ ಉತ್ತರ ದುಡ್ಡು. ಸಿಲ್ವರ್‌ಸ್ಟೋನ್ ಎಂಬ ಇಂಗ್ಲೆಂಡಿನ ರೇಸ್ ಟ್ರ್ಯಾಕಿನ ಸಮೀಪದಲ್ಲಿ ಬಹುಕಾಲದಿಂದ ನೆಲೆಸಿರುವ ನನಗೆ ಆ ಉತ್ತರ ಅರ್ಧ ಮಾತ್ರ ಸರಿ ಎನಿಸುತ್ತದೆ, ಏಕೆಂದರೆ ಈ ಇಬ್ಬರಲ್ಲಿ ಯಾರೂ ಬಡಕುಟುಂಬದಿಂದ ಬಂದವರಲ್ಲ.

ಇಲ್ಲಿ ಎಂಟು ವರ್ಷದ ಮಗು ಕ್ಲಬ್ ಮಟ್ಟದ ಕಾರ್ಟಿಂಗ್‌ಗೆ, ಅಂದರೆ ಪುಟ್ಟ ತೆರೆದ ರೇಸ್ ಬಂಡಿಗಳ ಓಟಕ್ಕೆ, ಇಳಿಯಬಹುದು. ಹೊಸಬರ ಕಾರ್ಟ್‌ಗೆ ಕಪ್ಪು ನಂಬರ್ ಫಲಕ ಹಾಕಿ ಸಾಲಿನ ಕೊನೆಯಲ್ಲಿ ನಿಲ್ಲಿಸುತ್ತಾರೆ. ಅಪಾಯವಾಗದಂತೆ ಓಡಿಸುತ್ತಾರೆಂದು ಅಧಿಕಾರಿಗಳು ಸಹಿ ಹಾಕುತ್ತಾ ಬಂದ ಮೇಲಷ್ಟೇ ಆ ಫಲಕ ಕಳಚುತ್ತದೆ. ಬಾವುಟ ಹಿಡಿದು ಮಳೆಯಲ್ಲಿ ನಿಲ್ಲುವ ಮಾರ್ಷಲ್‌ಗಳು ಸಂಬಳವಿಲ್ಲದ ಸ್ವಯಂಸೇವಕರು. ಮುಂದೆ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್ ಆದ ಲೂಯಿಸ್ ಹ್ಯಾಮಿಲ್ಟನ್ 1993ರಲ್ಲಿ ಶುರುಮಾಡಿದ್ದೂ ಹೀಗೆಯೇ. 1995ರಲ್ಲಿ ಬ್ರಿಟಿಷ್ ಕೆಡೆಟ್ (ಮಕ್ಕಳ ವಿಭಾಗದ) ಚಾಂಪಿಯನ್, 1998ರಲ್ಲಿ ಫಾರ್ಮುಲಾ ಒನ್ ತಂಡವಾದ ಮೆಕ್‌ಲಾರೆನ್‌ನ ಆಶ್ರಯ. ಅವರ ತಂದೆ ಆಂಥನಿ ಏಕಕಾಲಕ್ಕೆ ಹಲವು ಕೆಲಸ ಮಾಡಿ ಮಗನನ್ನು ಬೆಳೆಸಿದ ಕತೆಯನ್ನು ನಾವು ಮೆಚ್ಚಿ ಹೇಳಿಕೊಳ್ಳುತ್ತೇವೆ. ಆದರೆ ಅವರ ಊರಾದ ಸ್ಟೀವನೇಜ್‌ಗೆ ಹತ್ತಿರದಲ್ಲೇ ರೈ ಹೌಸ್ ಟ್ರ್ಯಾಕ್ ಇಲ್ಲದಿದ್ದರೆ ಆ ದುಡಿಮೆ ಏನನ್ನು ಕೊಳ್ಳಬಹುದಿತ್ತು ಎಂದು ನಾವು ಕೇಳುವುದಿಲ್ಲ.

ಕ್ಲಬ್‌ನ ಮೇಲಿನ ಹಂತದಲ್ಲಿ ವ್ಯತ್ಯಾಸ ಇನ್ನೂ ಢಾಳಾಗಿದೆ. ಬ್ರಿಟಿಷ್ ಯುವ ಚಾಲಕರಿಗಾಗಿಯೇ 1989ರಿಂದ ಇಲ್ಲೊಂದು ಪ್ರಶಸ್ತಿ ಇದೆ. ಅದನ್ನು 2014ರಲ್ಲಿ ಹದಿನಾರರ ರಸೆಲ್ ಪಡೆದರು: ಒಂದು ಲಕ್ಷ ಪೌಂಡ್, ಜೊತೆಗೆ ಮೆಕ್‌ಲಾರೆನ್ ಕಾರಿನಲ್ಲಿ ಪರೀಕ್ಷಾ ಓಟ. ಮೈನಿ ಅದಕ್ಕೆ ಅರ್ಹರೇ ಆಗಿರಲಿಲ್ಲ. ಅವರನ್ನು ಆರಿಸಿದ್ದು ಫೋರ್ಸ್ ಇಂಡಿಯಾ ತಂಡದ 2011ರ ಪ್ರತಿಭಾ ಶೋಧ. ಆ ತಂಡವೇ 2018ರಲ್ಲಿ ದಿವಾಳಿಯ ಅಂಚಿಗೆ ಬಂದು ಕೈಬದಲಾಯಿತು. ಜಿಪಿ ತ್ರೀ ಮತ್ತು ಫಾರ್ಮುಲಾ ಟು ಎರಡನ್ನೂ ಒಂದರ ಹಿಂದೊಂದು ವರ್ಷ ಗೆದ್ದ ರಸೆಲ್‌ರ ಪ್ರತಿಭೆಯನ್ನು ನಾನು ಅಲ್ಲಗಳೆಯುತ್ತಿಲ್ಲ. ಆದರೆ 2017ರಲ್ಲಿ ಬಾರ್ಸಿಲೋನಾದ ಜಿಪಿ ತ್ರೀ ಓಟ ಗೆದ್ದ ಮೈನಿಯ ಹಿಂದೆ ವರ್ಷವರ್ಷವೂ ನಿಲ್ಲುವಂಥ ಸಂಸ್ಥೆಯೊಂದು ನಮ್ಮಲ್ಲಿ ಇರಲಿಲ್ಲ, ಮನೆ ಮಾತ್ರ ಇತ್ತು. ಅರ್ಜುನ್ ಅವರ ತಮ್ಮ ಕುಶ್ ಮೈನಿ 2025ರಲ್ಲಿ ಮೊನಾಕೊದ ಫಾರ್ಮುಲಾ ಟು ಸ್ಪ್ರಿಂಟ್ (ಕಿರು ಓಟ) ಗೆದ್ದಾಗ ಇಲ್ಲಿನ ಕನ್ನಡಿಗರೆಲ್ಲ ಹಿಗ್ಗಿದೆವು, ನಾನೂ ಹಿಗ್ಗಿದೆ. ಆದರೆ ಬೆಂಗಳೂರಿನಿಂದ ಆ ಹಂತ ಮುಟ್ಟಿದ ಇಬ್ಬರೂ ಒಂದೇ ಮನೆಯವರೆಂಬುದು ನಾಡಿನ ವ್ಯವಸ್ಥೆಯ ಬಗ್ಗೆ ಒಳ್ಳೆಯ ಮಾತೇನೂ ಅಲ್ಲ.

ಹಾಗೆಂದು ಇಂಗ್ಲೆಂಡನ್ನು ನಕಲು ಮಾಡಿ ಎನ್ನಲಾರೆ. ತಮ್ಮಂಥ ದುಡಿಯುವ ಕುಟುಂಬಕ್ಕೆ ಇಂದು ಈ ದಾರಿ ನಿಲುಕದೆಂದು ಹ್ಯಾಮಿಲ್ಟನ್ ಅವರೇ ಹೇಳಿದ್ದಾರೆ. ಪೂರ್ಣ ಪ್ರಮಾಣದ ಸರ್ಕ್ಯೂಟ್ ಬೇಕೆಂದು ಹಂಬಲಿಸುವ ಅಗತ್ಯವೂ ಇಲ್ಲ. ಅದಕ್ಕೆ ಶ್ರೀಪೆರಂಬದೂರು, ಕೊಯಮತ್ತೂರು ಇವೆ. ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ರ‍್ಯಾಲಿ ನಡೆಸಿ ಬಲ್ಲ ನಮ್ಮ ಕ್ಲಬ್‌ಗಳಲ್ಲಿ ಮಾರ್ಷಲ್‌ಗಳಿದ್ದಾರೆ, ವಾಹನ ತಪಾಸಣೆ ಬಲ್ಲವರಿದ್ದಾರೆ. ಅವರು ತಿಂಗಳಿಗೊಂದು ಭಾನುವಾರ ಬೆಂಗಳೂರಿನ ಕಾರ್ಟಿಂಗ್ ಟ್ರ್ಯಾಕ್‌ನಲ್ಲಿ ಎಂಟರಿಂದ ಹನ್ನೆರಡು ವರ್ಷದವರಿಗೆ ಕಡಿಮೆ ಶುಲ್ಕದ ಓಟ ನಡೆಸಲಿ. ಬಿಡದಿ, ಹೊಸೂರುಗಳ ವಾಹನ ಕಾರ್ಖಾನೆಗಳು ವರ್ಷಕ್ಕೊಬ್ಬ ವಿಜೇತರ ಮುಂದಿನ ಋತುವಿನ ಖರ್ಚನ್ನು, ಅವರು ಯಾವ ಮನೆಯವರೆಂದು ಕೇಳದೆ, ವಹಿಸಿಕೊಳ್ಳಲಿ.