ಜೋಪಾನ ಮಾಡಿದ ಕಾಮಿಕ್ಸು

ಪುಸ್ತಕವನ್ನು ಜೋಪಾನ ಮಾಡುವುದಕ್ಕೆ ನಮ್ಮ ಕಡೆ ಒಂದು ಕ್ರಮವಿತ್ತು. ಮೊದಲು ಬ್ರೌನ್ ಪೇಪರಿನ ರಟ್ಟು ಹಾಕಬೇಕು. ಅದು ಜಾರದ ಹಾಗೆ ನಾಲ್ಕು ಮೂಲೆಗೂ ಸೆಲ್ಲೋಟೇಪು. ಒಳಗಿನ ಮೊದಲ ಪುಟದಲ್ಲಿ ಹೆಸರು, ಕ್ಲಾಸು, ಸೆಕ್ಷನ್ನು, ಊರು. ಕದ್ದವರಿಗೆ ಒಂದು ಶಾಪ, ಅದೂ ಇಂಕ್ ಪೆನ್ನಿನಲ್ಲಿ. ಪಿನ್ನು ಸಡಿಲವಾದರೆ ಅದರ ಪಕ್ಕದಲ್ಲೇ ಇನ್ನೊಂದು ಪಿನ್ನು. ಮರಿ ಹಾಕುತ್ತದೆ ಅಂತ ನಡುವೆ ಒಂದು ನವಿಲುಗರಿ. ಇಷ್ಟೂ ಆದಮೇಲೆ ಟ್ರಂಕಿನಲ್ಲಿ ನುಸಿಗುಳಿಗೆ ಜೊತೆ ವಾಸ.

ಹಳೇ ಕಾಮಿಕ್ಸ್ ಕೂಡಿಡುವವರ ಲೋಕದಲ್ಲಿ ಪುಸ್ತಕದ ಸ್ಥಿತಿ ನೋಡಿ ಅಂಕ ಹಾಕುತ್ತಾರೆ, ಇವಿಷ್ಟಕ್ಕೂ ಅಂಕ ಕಳೆಯುತ್ತಾರೆ. ಟೇಪಿಗೆ ಅಷ್ಟು, ಹೆಸರಿಗೆ ಇಷ್ಟು, ಎರಡನೇ ಪಿನ್ನಿಗೆ ಇನ್ನಷ್ಟು. ಶಾಪಕ್ಕೆ ಬೇರೆ ಲೆಕ್ಕವಿಲ್ಲ, ಅದೂ ಪೆನ್ನಿನ ಗೀಚು ಅಷ್ಟೇ.

ನನಗೆ ಇದನ್ನೆಲ್ಲ ಹೇಳಿಕೊಟ್ಟವನು ನನ್ನ ಭಾವಮೈದ. ತುಮಕೂರಿನಲ್ಲಿ ಅವನದು ಟೀ ಶರ್ಟಿನ ಮೇಲೆ ಅಕ್ಷರ, ಚಿತ್ರ ಒತ್ತಿಕೊಡುವ ಅಂಗಡಿ. ಗಣೇಶನ ಹಬ್ಬದ ಯುವಕ ಸಂಘಗಳು, ಟೆನಿಸ್ ಬಾಲ್ ಕ್ರಿಕೆಟ್ ಟೀಮುಗಳು ಅವನ ಗಿರಾಕಿಗಳು. ಸಂಜೆ ಬಾಗಿಲು ಎಳೆದ ಮೇಲೆ ಬಿಸಿಯಲ್ಲಿ ಒತ್ತುವ ಅದೇ ಮಷೀನಿನಲ್ಲಿ ಹಳೇ ಕಾಮಿಕ್ಸನ್ನು ಮಡಿಕೆ, ಉಬ್ಬು ಹೋಗುವ ಹಾಗೆ ಒತ್ತುತ್ತಾನೆ. ಬೆಂಗಳೂರಿನಿಂದ, ಇನ್ನೂ ದೂರದಿಂದ ಪಾರ್ಸೆಲ್ ಬರುತ್ತವೆ. ಇವನ ಅಕ್ಕ, ಅಂದರೆ ನನ್ನ ಹೆಂಡತಿ, ಅದನ್ನು 'ಇಸ್ತ್ರಿ ಕೆಲಸ' ಅನ್ನುತ್ತಾಳೆ. ಅವನಿಗೆ ಸಿಟ್ಟು ಬರುತ್ತದೆ. ಆದರೆ ಕೂತು ನೋಡಿದರೆ ಇಸ್ತ್ರಿಗಿಂತ ಎಷ್ಟೋ ನಾಜೂಕಿನ ಕೆಲಸ ಅದು.

ಮೊದಲು ಮೆತ್ತನೆ ರಬ್ಬರಿನಿಂದ ಬಿಳಿ ಜಾಗದ ಕೊಳೆಯನ್ನಷ್ಟೇ ಉಜ್ಜಿ ತೆಗೆಯುತ್ತಾನೆ. ಬಣ್ಣದ ಮೇಲೆ ರಬ್ಬರು ಹೋದರೆ ಬಣ್ಣವೇ ಎದ್ದು ಬರುತ್ತದೆ. ಆಮೇಲೆ ಪುಸ್ತಕವನ್ನು ಮುಚ್ಚಳವಿರುವ ಡಬ್ಬಿಯಲ್ಲಿಟ್ಟು ತೇವದ ಗಾಳಿ ಕುಡಿಸುತ್ತಾನೆ. ನೀರು ಮುಟ್ಟಬಾರದು, ತೇವ ಮಾತ್ರ ತಾಗಬೇಕು. ಜಾಸ್ತಿಯಾದರೆ ಹಾಳೆ ಅಲೆ ಅಲೆಯಾಗಿ ಏಳುತ್ತದೆ. ಒಣಗಿದ ಕಾಗದ ಹಟಮಾರಿ, ಸ್ವಲ್ಪ ತೇವ ಕುಡಿದರೆ ಹೇಳಿದ ಮಾತು ಕೇಳುತ್ತದೆ. ಹಿಂದೆ ಮುಂದೆ ಅಂಟದ ಸಿಲಿಕೋನ್ ಹಾಳೆ. ಪಿನ್ನಿನ ಗುರುತು ಬೇರೆ ಪುಟಕ್ಕೆ ಇಳಿಯದಿರಲಿ ಅಂತ ನಡುಪುಟದಲ್ಲಿ ರಟ್ಟು. ಬಿಸಿ 70 ಡಿಗ್ರಿ ಆಸುಪಾಸು, ಟೀ ಶರ್ಟಿಗೆ ಬೇಕಾದ್ದರ ಅರ್ಧವೂ ಇಲ್ಲ. ಅದಾದ ಮೇಲೆ ರಾತ್ರಿಯೆಲ್ಲ ಭಾರದ ಕೆಳಗೆ. ಬೆಳಿಗ್ಗೆ ತೆಗೆದು ಬೆಳಕಿಗೆ ಓರೆಯಾಗಿ ಹಿಡಿದರೆ ಮಡಿಕೆ, ಉಬ್ಬು, ಯಾರೋ ಅದರ ಮೇಲೆ ಕಾಗದವಿಟ್ಟು ಒತ್ತಿ ಬರೆದ ಲೆಕ್ಕದ ಗೆರೆ, ಯಾವುದೂ ಇರುವುದಿಲ್ಲ.

ಎಲ್ಲ ಗೆರೆಯೂ ಹೋಗುವುದಿಲ್ಲ ಅನ್ನಿ. ಮಡಿಕೆ ಬಿದ್ದ ಕಡೆ ಶಾಯಿಯೇ ಉದುರಿ ಬಿಳಿ ಕಾಗದ ಕಂಡಿದ್ದರೆ ಮುಗಿಯಿತು. ಕಾಗದ ಮಟ್ಟಸವಾಗುತ್ತದೆ, ಬಿಳಿ ಗೆರೆ ಹಾಗೇ ಉಳಿಯುತ್ತದೆ. ಅಲ್ಲಿ ಸ್ಕೆಚ್ ಪೆನ್ ಎತ್ತಿಕೊಳ್ಳುವ ಆಸೆ ಯಾರಿಗಾದರೂ ಬರುತ್ತದೆ. ಅಲ್ಲೇ ಧರ್ಮಸಂಕಟ ಶುರು.

ಅಮೆರಿಕದಲ್ಲಿ ಸಿಜಿಸಿ ಅಂತ ಒಂದು ಸಂಸ್ಥೆ 2000ದಿಂದ ಕಾಮಿಕ್ಸಿಗೆ ಅಂಕ ಕೊಡುತ್ತಿದೆ. 0.5ರಿಂದ 10ರವರೆಗೆ. ನೋಡಿ, ಅಳೆದು, ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ, ಮೇಲೆ ಚೀಟಿ ಅಂಟಿಸಿ ಕಳಿಸುತ್ತಾರೆ. ಬರೀ ಒತ್ತಿದ್ದರೆ ಅವರ ಲೆಕ್ಕದಲ್ಲಿ ತಪ್ಪಿಲ್ಲ, ಮಾಮೂಲಿ ನೀಲಿ ಚೀಟಿಯೇ ಸಿಗುತ್ತದೆ. ಬಣ್ಣ ತುಂಬಿದರೆ, ಇಲ್ಲದ ಮೂಲೆಯನ್ನು ಬೇರೆ ಕಾಗದದಿಂದ ಕಟ್ಟಿದರೆ ನೇರಳೆ ಚೀಟಿ. ಜಾತಕದಲ್ಲಿ ಕುಜದೋಷ ಬರೆದ ಹಾಗೆ. ಹುಡುಗಿ ಎಷ್ಟೇ ಚೆನ್ನಾಗಿರಲಿ, ಕೇಳಿಕೊಂಡು ಬಂದವರು ಚೀಟಿ ನೋಡಿ ರೇಟು ಇಳಿಸುತ್ತಾರೆ.

ಇದು ಯಾವ ನ್ಯಾಯ ಅಂತ ನಾನು ಕೇಳಿದ್ದುಂಟು. ಮಡಿಕೆ ತೆಗೆದರೆ ಸರಿ, ಗೆರೆಗೆ ಬಣ್ಣ ಹಚ್ಚಿದರೆ ಮೋಸವೇ? "ಒತ್ತೋವಾಗ ನಾನು ಏನೂ ಸೇರಿಸಲ್ಲ ಭಾವ, ಇದ್ದದ್ದನ್ನ ನೆಟ್ಟಗೆ ಮಾಡ್ತೀನಿ ಅಷ್ಟೆ" ಅನ್ನುತ್ತಾನೆ. ಲಾಯರಿನ ಮಾತು. ಆದರೂ ಒಪ್ಪಬೇಕಾಗುತ್ತದೆ.

ಅಂಕದ ಮೇಲೆ ದುಡ್ಡು ನಿಂತಿದೆ, ಅದಕ್ಕೇ ಇಷ್ಟು ಮಡಿ. ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡ 1938ರ ಆಕ್ಷನ್ ಕಾಮಿಕ್ಸ್ ಮೊದಲ ಸಂಚಿಕೆಯ ಬೆಲೆ ಆಗ 10 ಸೆಂಟ್. ಅದರ ಒಂದು ಪ್ರತಿ 2024ರಲ್ಲಿ 60 ಲಕ್ಷ ಡಾಲರಿಗೆ ಹೋಯಿತು. ಅದಕ್ಕೂ ಇದ್ದದ್ದು 8.5 ಅಂಕ. ಫಸ್ಟ್ ಕ್ಲಾಸು ನಿಜ, ರ‍್ಯಾಂಕ್ ಅಲ್ಲ.

ನಮ್ಮಲ್ಲಿ ಅಷ್ಟು ದೊಡ್ಡ ಮೊತ್ತದ ಮಾತಿಲ್ಲ. ಆದರೂ ಇಂದ್ರಜಾಲ ಕಾಮಿಕ್ಸ್ ಅಂದರೆ ಕಣ್ಣರಳಿಸುವವರು ಬೇಕಾದಷ್ಟಿದ್ದಾರೆ. 1964ರಲ್ಲಿ ಶುರುವಾಗಿ 1990ಕ್ಕೆ ನಿಂತದ್ದು ಅದು, ಕನ್ನಡದಲ್ಲೂ ಬರುತ್ತಿತ್ತು. ಇನ್ನೊಂದು ಸ್ವಾರಸ್ಯ ಇದೆ. ಕಾರ್ಕಳದ ಅನಂತ ಪೈ ಅವರ ಹೆಸರಿನ ಜೊತೆಗೇ ಬರುವ ಅಮರ ಚಿತ್ರ ಕಥೆಯ ಇಂಗ್ಲಿಷ್ ಸರಣಿಯಲ್ಲಿ 'ಕೃಷ್ಣ' ಮೊದಲು ಬಂದಾಗ ಹನ್ನೊಂದನೆಯ ನಂಬರು. ಹಿಂದಿನ ಹತ್ತು ಎಲ್ಲಿ ಹೋದವು? ಅವು ಕನ್ನಡದಲ್ಲಿ ಬಂದಿದ್ದವು, ಸಿಂಡ್ರೆಲಾ ಥರದ ಪರದೇಶದ ಕತೆಗಳು. ಭಾವಮೈದ ಅವುಗಳ ಮಾತೆತ್ತಿದರೆ ದನಿ ತಗ್ಗಿಸುತ್ತಾನೆ.

ಅಂಥವು ಸಿಕ್ಕುವುದು ಅಪರೂಪ. ಸಿಕ್ಕಿದರೂ ಬೈಂಡ್ ಆಗಿರುತ್ತವೆ. ನಮ್ಮಪ್ಪ ಹತ್ತಿಪ್ಪತ್ತು ಕಾಮಿಕ್ಸ್ ಸೇರಿಸಿ ಚಿಕ್ಕಪೇಟೆಯಲ್ಲಿ ಬೈಂಡ್ ಮಾಡಿಸಿದ್ದರು. ಬೈಂಡರು ಪಿನ್ನು ಕಿತ್ತು, ದಬ್ಬಣದಲ್ಲಿ ತೂತು ಹೊಡೆದು, ದಾರ ಹೊಲಿದು, ಮೂರು ಕಡೆ ಅಂಚು ಕತ್ತರಿಸಿ, ಮೈದಾ ಅಂಟಿಗೆ ಹುಳ ಬರದಿರಲಿ ಅಂತ ಮೈಲುತುತ್ತ ಕಲಸಿ ಬೆನ್ನಿಗೆ ಬಟ್ಟೆ ಅಂಟಿಸಿದ್ದ. ಕಲ್ಲಿನಂಥ ಪುಸ್ತಕ, ಇವತ್ತಿಗೂ ಒಂದು ಹಾಳೆ ಅಲ್ಲಾಡಿಲ್ಲ. ಭಾವಮೈದನ ಮುಂದೆ ಇಟ್ಟೆ. ತಿರುಗಿಸಿ ತಿರುಗಿಸಿ ನೋಡಿದ. "ಸೊನ್ನೆ ಪಾಯಿಂಟ್ ಐದು. ಅದೂ ನಿಮ್ಮ ಮುಖ ನೋಡಿ."

ಹಾಗಾದರೆ ಒಳ್ಳೇ ಅಂಕ ಯಾರಿಗೆ? ಯಾರು ಮುಟ್ಟಲಿಲ್ಲವೋ ಅವರಿಗೆ. ತಿಪಟೂರಿನ ಕಡೆಯ ಒಂದು ಅಂಗಡಿಯ ಅಟ್ಟದಲ್ಲಿ ಮಾರಾಟವಾಗದೆ ಉಳಿದ ಒಂದು ಕಟ್ಟು ಅವನಿಗೆ ಸಿಕ್ಕಿತ್ತು. ಮೇಲಿನದು, ಕೆಳಗಿನದು ಹುರಿ ಕಚ್ಚಿ ಹಾಳು. ನಡುವಿನವುಗಳಿಗೆ ಗಾಳಿ, ಬೆಳಕು ಸೋಕಿಲ್ಲ, ಮಕ್ಕಳ ಕೈ ಮೊದಲೇ ಸೋಕಿಲ್ಲ. ಮರದ ತಿರುಳಿನಿಂದ ಮಾಡಿದ ಅಗ್ಗದ ಕಾಗದ ಗಾಳಿ, ಬೆಳಕು ತಾಗಿದರೆ ಬೇಗ ಹಳದಿಯಾಗುತ್ತದೆ. ನಮ್ಮ ಸೀಮೆಯ ಒಣ ಹವೆಯೂ ಸಹಾಯ ಮಾಡಿದೆ, ಪಿನ್ನಿಗೆ ತುಕ್ಕು ಸಹ ಇಲ್ಲ. ಅಂಗಡಿಯವನಿಗೆ ಅದು ಅಲ್ಲಿದೆ ಅನ್ನೋದೇ ಮರೆತುಹೋಗಿತ್ತು. ನಮ್ಮಪ್ಪ ದುಡ್ಡು ಕೊಟ್ಟು ಕಾಪಾಡಿದ್ದಕ್ಕೆ ಅರ್ಧ, ಆ ಮಹರಾಯ ಸುಮ್ನೆ ಮರೆತದ್ದಕ್ಕೆ ಒಂಬತ್ತು!

ಆ ಕಟ್ಟಿನಲ್ಲಿ ಒಂದೇ ಸಂಚಿಕೆ ಎರಡೆರಡಿದ್ದವು. ಒಂದು ಡಬ್ಬಿಗೆ, ಇನ್ನೊಂದು ಓದುವುದಕ್ಕೆ ಅಂತ ವಿಂಗಡಿಸಿಟ್ಟಿದ್ದ. ಓದುವ ಪ್ರತಿ ಕೊಡು ಅಂತ ಕೈ ಚಾಚಿದೆ. ಅವನು ಪುಸ್ತಕ ಹಿಂದಕ್ಕೆ ಎಳೆದುಕೊಂಡ.

"ವಡೆ ತಿಂದಿದ್ದೀರಿ ಭಾವ. ಸೋಪು ಹಾಕಿ ಕೈ ತೊಳ್ಕೊಂಡು ಬನ್ನಿ."